ಉಕ್ಕಿಗೆ ನೀಲಿ, ಹಿತ್ತಾಳೆಗೆ ಕಿಲುಬು

ಬಂದೂಕಿನ ಮಾತನ್ನು ಸಾಹಿತ್ಯದ ಪುಟದಲ್ಲಿ ಎತ್ತುವುದುಂಟೇ ಎಂದು ಕೆಲವು ವಾಚಕರು ಹುಬ್ಬು ಗಂಟಿಕ್ಕಿಯಾರು. ಅವರಿಗೆ ಮೊದಲೇ ಅಭಯ ಕೊಟ್ಟುಬಿಡುತ್ತೇನೆ: ಇಲ್ಲಿ ಗುಂಡು ಹಾರುವುದಿಲ್ಲ. ನಾನು ಹೇಳಹೊರಟಿರುವುದು ಬಂದೂಕಿನ ಮೈಬಣ್ಣದ ಕಥೆ. ಅದರಲ್ಲಿಯೂ, ಅಮೆರಿಕದ ಅಂತರ್ಯುದ್ಧದ ಕಾಲದ ಕರಿಮದ್ದಿನ ರಿವಾಲ್ವರುಗಳನ್ನು ಹೋಲುವಂತೆ ಇಟಲಿಯ ಒಂದು ಕಣಿವೆಯಲ್ಲಿ ಇಂದಿಗೂ ತಯಾರಾಗುತ್ತಿರುವ ಪ್ರತಿಕೃತಿಗಳ ಮೈಬಣ್ಣದ ಕಥೆ. ಹಳೆಯದೊಂದನ್ನು ಹೊಸದಾಗಿ ಮಾಡುವವನು ಅದನ್ನು ಎಷ್ಟರಮಟ್ಟಿಗೆ ಹಳೆಯದಾಗಿ ಕಾಣಿಸಬೇಕು, ಹಾಗೆ ಕಾಣಿಸಿದುದು ಕಲೆಯೋ ಕಪಟವೋ ಎಂಬ ಪ್ರಶ್ನೆ ಶಿಲ್ಪಿಗೂ, ನಾಟಕಕಾರನಿಗೂ, ಹಳಗನ್ನಡದ ಧಾಟಿಯಲ್ಲಿ ಇಂದು ಬರೆಯಬಯಸುವ ಕವಿಗೂ ಎದುರಾಗುವಂಥದೇ. ಕಬ್ಬಿಣದಲ್ಲಿ ಆ ಪ್ರಶ್ನೆ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಕ್ಕುತ್ತದೆ, ಅಷ್ಟೇ ವ್ಯತ್ಯಾಸ.

ಮಲೆನಾಡಿನ, ಕೊಡಗಿನ ಹಳೆಯ ಮನೆಗಳಲ್ಲಿ ‘ಕೇಪಿನ ಕೋವಿ’ಯನ್ನು ಕಂಡವರಿಗೆ ಈ ಆಯುಧದ ಪರಿಚಯ ಕಷ್ಟವಾಗದು. ನಳಿಗೆಯ ಬಾಯಿಂದ ಮದ್ದನ್ನು ಸುರಿದು, ಗುಂಡನ್ನು ಜಡಿದು, ಹಿಂದುಗಡೆಯ ಮೊಲೆಯಂಥ ತುದಿಗೆ ತಾಮ್ರದ ಪುಟ್ಟ ಕೇಪನ್ನು ತೊಡಿಸಿ, ಕುದುರೆ ಬಿದ್ದಾಗ ಹುಟ್ಟಿದ ಕಿಡಿಯಿಂದ ಮದ್ದು ಹೊತ್ತಿಕೊಳ್ಳುವ ಏರ್ಪಾಡು ಅದು. ಇದನ್ನೇ ಐದಾರು ಗೂಡುಗಳುಳ್ಳ, ತಿರುಗುವ ಒಂದು ಉರುಳೆಗೆ ಅಳವಡಿಸಿದರೆ ಸ್ಯಾಮ್ಯುಯೆಲ್ ಕೋಲ್ಟನ ರಿವಾಲ್ವರು ಆಯಿತು. ಕೋಲ್ಟನು ಅಮೆರಿಕದಲ್ಲಿ ತನ್ನ ಪೇಟೆಂಟನ್ನು ಪಡೆದುದು ೧೮೩೬ರಲ್ಲಿ. ಪ್ಯಾಟರ್ಸನ್ ಎಂಬಲ್ಲಿ ಅವನು ಹೂಡಿದ ಮೊದಲ ಕಾರ್ಖಾನೆ ಕೆಲವೇ ವರ್ಷಗಳಲ್ಲಿ ಮುಳುಗಿತು. ೧೮೪೭ರಲ್ಲಿ ಸರ್ಕಾರದಿಂದ ಸಾವಿರ ಪಿಸ್ತೂಲುಗಳ ಬೇಡಿಕೆ ಬಂದು ಅವನ ಅದೃಷ್ಟ ತೆರೆಯಿತು. ಹಾರ್ಟ್‌ಫರ್ಡಿನಲ್ಲಿ ದೊಡ್ಡ ಕಾರ್ಖಾನೆ ಎದ್ದಿತು. ‘ನೇವಿ’ ಎಂದು ಹೆಸರಾದ ೧೮೫೧ರ ಮಾದರಿಯೊಂದನ್ನೇ ಅಲ್ಲಿ ಎರಡು ಲಕ್ಷಕ್ಕೂ ಮಿಕ್ಕಿ ತಯಾರಿಸಿದರು.

ಈ ‘ನೇವಿ’ ಕಾರ್ಖಾನೆಯಿಂದ ಹೊರಬಿದ್ದ ದಿನ ಹೇಗಿತ್ತು? ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿ ಅದನ್ನು ಬೂದುಗಂದು ಬಣ್ಣದ ಕಬ್ಬಿಣದ ತುಂಡಾಗಿ ನೋಡಿ ರೂಢಿಯಾದ ನಮಗೆ ಅದನ್ನು ಊಹಿಸುವುದು ಸುಲಭವಲ್ಲ. ನಳಿಗೆಯೂ ಉರುಳೆಯೂ ಕಾರಿರುಳು ಹರಿಯುವ ಹೊತ್ತಿನ ಬಾನಿನಂಥ ಗಾಢ ನೀಲಿ. ಚೌಕಟ್ಟು, ಕುದುರೆ, ಗುಂಡು ಜಡಿಯುವ ಸನ್ನೆ ಇವುಗಳ ಮೇಲೆ ನೀಲಿ, ಕಂದು, ಹುಲ್ಲಿನ ಹಳದಿ, ಬೂದು ಎಲ್ಲವೂ ಒಂದರೊಳಗೊಂದು ಹರಿದು ಮೋಡಗಟ್ಟಿದಂತಿರುವ ಚಿತ್ತಾರ. ಬೆರಳ ಬಳಿಯ ಕಾಪುಪಟ್ಟಿಯೂ ಹಿಡಿಯ ಬೆನ್ನುಪಟ್ಟಿಯೂ ಹಿತ್ತಾಳೆಯವು; ಆ ಹಿತ್ತಾಳೆಯ ಮೇಲೆ ಬೆಳ್ಳಿಯ ಮುಲಾಮು. ಮರದ ಹಿಡಿಗೆ ಹೊಳೆಯುವ ವಾರ್ನಿಷು. ಕೊಲ್ಲುವ ಸಾಧನಕ್ಕೆ ಇಷ್ಟೊಂದು ಶೃಂಗಾರವೇ ಎಂದು ಕೇಳಬಹುದು. ಆಯುಧವನ್ನು ಅಲಂಕರಿಸದ ನಾಡು ಯಾವುದಿದೆ? ಆದರೆ ಇಲ್ಲಿಯ ಬಣ್ಣ ಬರಿಯ ಅಲಂಕಾರವಲ್ಲ. ಬಹುಮಟ್ಟಿಗೆ ಅದು ಕೆಲಸದ ಗುರುತು.

ಕಮ್ಮಾರನ ಕುಲುಮೆಯ ಮುಂದೆ ಅರ್ಧ ಗಳಿಗೆ ನಿಂತವನಿಗೆ ಈ ಮಾತು ಅರ್ಥವಾಗುತ್ತದೆ. ನೀರಿಗೆ ಅದ್ದಿ ಗಡುಸು ಮಾಡಿದ ಉಳಿಯನ್ನು ಉಜ್ಜಿ ಬೆಳ್ಳಗೆ ಮಾಡಿ, ಹದ ತರಲು ಮತ್ತೆ ಮೆಲ್ಲಗೆ ಕಾಯಿಸುವಾಗ ಉಕ್ಕಿನ ಮೈಮೇಲೆ ಬಣ್ಣಗಳು ಒಂದರ ಹಿಂದೊಂದು ಓಡುತ್ತವೆ. ಸುಮಾರು ೨೨೦ ಡಿಗ್ರಿ ಸೆಂಟಿಗ್ರೇಡಿನಲ್ಲಿ ಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ; ೩೦೦ರ ಹತ್ತಿರ ಥಟ್ಟನೆ ಒಂದು ನೀಲಿ. ಅನುಭವಿಯಾದ ಕಮ್ಮಾರ ಬಣ್ಣವನ್ನು ನೋಡಿಯೇ ಹದವನ್ನು ಹೇಳಬಲ್ಲ. ಇಲ್ಲಿ ಯಾವ ಬಣ್ಣವನ್ನೂ ಯಾರೂ ಬಳಿದಿಲ್ಲ. ಕಾದ ಉಕ್ಕು ಗಾಳಿಯಲ್ಲಿನ ಆಮ್ಲಜನಕದೊಡನೆ ಕೂಡಿ ತನ್ನ ಮೇಲೆ ತಾನೇ ಹೆಣೆದುಕೊಳ್ಳುವ ಪೊರೆ ಅದು. ಪೊರೆ ದಪ್ಪವಾದಂತೆ ಬೆಳಕು ಅದರಲ್ಲಿ ಬೇರೆಬೇರೆ ಬಗೆಯಾಗಿ ಮರಳುವುದರಿಂದ ಬಣ್ಣ ಬದಲಾಗುತ್ತದೆ. ನೀರಿನ ಮೇಲೆ ಬಿದ್ದ ಎಣ್ಣೆಯ ಹನಿಯಲ್ಲಿ ಕಾಮನಬಿಲ್ಲು ಕಾಣುವುದೂ ಇದೇ ನ್ಯಾಯದಿಂದ.

ನಳಿಗೆಯ ನೀಲಿಗೆ ಪೊರೆ ಇನ್ನೂ ದಪ್ಪವಾಗಿರಬೇಕು. ಅದಕ್ಕಾಗಿ ಕೋಲ್ಟನ ಕೆಲಸಗಾರರು ಕನ್ನಡಿಯಂತೆ ಉಜ್ಜಿದ ಭಾಗಗಳನ್ನು ಇದ್ದಲಿನ ಕುಲುಮೆಯಲ್ಲಿಟ್ಟು ಕಾಯಿಸುತ್ತಿದ್ದರು. ಬಣ್ಣದ ಚೆಲುವೆಲ್ಲ ಇರುವುದು ಮುಂಚಿನ ಉಜ್ಜುವಿಕೆಯಲ್ಲಿ. ಒರಟು ಉಕ್ಕಿಗೆ ಎಂಥ ನೀಲಿ ಏರಿಸಿದರೂ ಅದು ಮಂಕಾಗಿಯೇ ಉಳಿಯುತ್ತದೆ. ರಸಾಯನಶಾಸ್ತ್ರ ಬಲ್ಲವರು ಈ ಪೊರೆಯನ್ನು ಮ್ಯಾಗ್ನೆಟೈಟ್ ಎನ್ನುತ್ತಾರೆ. ಅದೂ ಕಬ್ಬಿಣದ ಆಕ್ಸೈಡೇ. ಕೆಂಪು ತುಕ್ಕಿನ ದಾಯಾದಿಯೇ. ಕೆಂಪು ತುಕ್ಕು ಕಬ್ಬಿಣವನ್ನು ತಿನ್ನುತ್ತದೆ, ಈ ಕಪ್ಪು ಪೊರೆ ಮೈಗಂಟಿಕೊಂಡು, ಎಣ್ಣೆಯನ್ನು ಹೀರಿಕೊಂಡು, ಅಷ್ಟಿಷ್ಟು ಕಾಯುತ್ತದೆ. ಇನ್ನೊಂದು ಹಳೆಯ ಪದ್ಧತಿಯಲ್ಲಂತೂ ಬೇಕೆಂದೇ ಉಕ್ಕಿಗೆ ತುಕ್ಕು ಹಿಡಿಸಿ, ಕುದಿಯುವ ನೀರಿನಲ್ಲಿಟ್ಟು ಆ ತುಕ್ಕನ್ನು ಕಪ್ಪಾಗಿಸಿ, ಸಡಿಲವಾದುದನ್ನು ತಂತಿಯ ಕುಂಚದಿಂದ ಉಜ್ಜಿ ತೆಗೆದು, ಮತ್ತೆ ತುಕ್ಕು ಹಿಡಿಸುತ್ತಾರೆ. ಹೀಗೆ ಹಲವು ಸಲ. ಶತ್ರುವನ್ನು ಕಾವಲಿಗಿಟ್ಟುಕೊಳ್ಳುವ ಈ ಉಪಾಯ ಯಾವ ರಾಜನೀತಿಜ್ಞನಿಗೂ ಕಡಮೆಯದಲ್ಲ.

ಚೌಕಟ್ಟಿನ ಮೋಡಚಿತ್ತಾರದ ಬಗೆಯೇ ಬೇರೆ. ಮೆದು ಕಬ್ಬಿಣದ ಭಾಗಗಳನ್ನು ಸುಟ್ಟ ಮೂಳೆ, ಸುಟ್ಟ ಚರ್ಮಗಳ ಇದ್ದಲಿನೊಳಗೆ ಹುದುಗಿಸಿ, ಪೆಟ್ಟಿಗೆಯನ್ನು ಮುಚ್ಚಿ, ಕೆಂಪಗೆ ಕಾಯಿಸಿ, ಬಹಳ ಹೊತ್ತು ಹಾಗೆಯೇ ಇಟ್ಟು, ಕಡೆಗೆ ತಣ್ಣೀರಿಗೆ ಸುರಿಯುತ್ತಾರೆ. ಇದ್ದಲಿನ ಇಂಗಾಲ ಕಬ್ಬಿಣದ ಹೊರಮೈಯೊಳಕ್ಕೆ ಇಳಿದು ತೆಳ್ಳನೆಯ ಗಡುಸು ಚಿಪ್ಪೊಂದು ಮೂಡುತ್ತದೆ. ಒಳಗಿನ ತಿರುಳು ಮೊದಲಿನಂತೆ ಮೆದುವಾಗಿದ್ದು ಪೆಟ್ಟನ್ನು ತಾಳಿಕೊಳ್ಳುತ್ತದೆ. ಬಣ್ಣಗಳು ಈ ಕೆಲಸದ ಉಪಫಲ. ಯಾವ ಎರಡು ಚೌಕಟ್ಟುಗಳಲ್ಲೂ ಚಿತ್ತಾರ ಒಂದೇ ಆಗುವುದಿಲ್ಲ. ಬಿಸಿಲಿಗೂ ತಿಕ್ಕಾಟಕ್ಕೂ ಅದು ಬೇಗ ಮಾಸುವುದರಿಂದ, ನೂರಾರು ವರ್ಷಗಳ ಮೇಲೆ ಅದರ ಕುರುಹು ಉಳಿಯುವುದು ಬೆರಳೂ ಬೆಳಕೂ ತಲುಪದ ಸಂದುಗಳಲ್ಲಿ ಮಾತ್ರ.

ಉರುಳೆಯ ಮೇಲಿನ ಚಿತ್ರವನ್ನು ಕುರಿತು ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ‘ನೇವಿ’ ಎಂಬ ಹೆಸರಿನೊಡನೆ ಬೆಸೆದುಕೊಂಡ ಚಿತ್ರ ಅದು: ೧೮೪೩ರ ಮೇ ೧೬ರಂದು ಟೆಕ್ಸಾಸಿನ ನೌಕಾಪಡೆಗೂ ಮೆಕ್ಸಿಕೋದ ಹಡಗುಗಳಿಗೂ ಕಾಂಪೆಚೆಯ ಬಳಿ ನಡೆದ ಕಾಳಗ. ಅದನ್ನು ಕೆತ್ತಿದವನು ವಾಟರ್‌ಮನ್ ಓರ್ಮ್ಸ್‌ಬಿ. ಅವನ ಮುಖ್ಯ ಕಸಬು ಬ್ಯಾಂಕು ನೋಟುಗಳ ಕೆತ್ತನೆ. ಖೋಟಾ ನೋಟುಗಳನ್ನು ತಡೆಯುವ ಬಗೆ ಹೇಗೆ ಎಂಬುದೇ ಅವನ ಜೀವಮಾನದ ಚಿಂತೆ. ಗಡುಸು ಉಕ್ಕಿನ ಅಚ್ಚನ್ನು ಉರುಳೆಯ ಮೇಲೆ ಒತ್ತಿ ಹೊರಳಿಸಿ ಆ ಹಡಗುಗಳನ್ನೂ ಹೊಗೆಯನ್ನೂ ಮೂಡಿಸುತ್ತಿದ್ದರು. ಅಂಥವನ ಕೈಯ ಕಾಳಗವನ್ನೇ ಇಂದು ಇಟಲಿಯ ಪ್ರತಿಕೃತಿಗಳು ಉರುಳೆ ಉರುಳೆಗೂ ಹೊತ್ತು ಬರುತ್ತಿವೆ. ಖೋಟಾದ ಕಡುವೈರಿಗೆ ಇದಕ್ಕಿಂತ ದೊಡ್ಡ ಸ್ಮಾರಕವನ್ನೋ, ದೊಡ್ಡ ಅಣಕವನ್ನೋ, ಯಾರೂ ಕಟ್ಟಲಾರರು. ಅಂದ ಹಾಗೆ, ಕೋಲ್ಟನ ನಕಲು ಈಚಿನದೇನೂ ಅಲ್ಲ. ಅವನು ಬದುಕಿದ್ದಾಗಲೇ ಬೆಲ್ಜಿಯಂನ ಲಿಯೇಜಿನಲ್ಲಿ ಅವನ ಮಾದರಿಗಳನ್ನು ಮಾಡಿ ಮಾರುತ್ತಿದ್ದರು, ಕೆಲವರು ಅವನ ಒಪ್ಪಿಗೆಯಿಂದ, ಹಲವರು ಒಪ್ಪಿಗೆಯ ಗೊಡವೆಯಿಲ್ಲದೆ.

ಈಗಿನ ಪ್ರತಿಕೃತಿಗಳ ತವರು ಉತ್ತರ ಇಟಲಿಯ ಬ್ರೆಶ್ಯಾ ಪ್ರಾಂತದ ಗಾರ್ದೋನೆ ವಾಲ್ ತ್ರೋಂಪಿಯಾ ಎಂಬ ಊರು. ಮೆಲ್ಲಾ ನದಿಯ ಕಣಿವೆ ಅದು. ಬೆಟ್ಟಗಳಲ್ಲಿ ಕಬ್ಬಿಣದ ಅದಿರು, ಕುಲುಮೆಗೆ ಕಾಡಿನ ಇದ್ದಲು, ತಿದಿಗೂ ಸುತ್ತಿಗೆಗೂ ಹೊಳೆಯ ನೀರು. ೧೫೨೬ರಲ್ಲಿ ವೆನಿಸಿನ ಆಯುಧಾಗಾರಕ್ಕೆ ೧೮೫ ನಳಿಗೆಗಳನ್ನು ಕೊಟ್ಟುದಕ್ಕಾಗಿ ಬಾರ್ತೊಲೊಮೆಯೊ ಬೆರೆಟ್ಟಾ ಎಂಬ ಕುಶಲಕರ್ಮಿಗೆ ೨೯೬ ಡುಕಾಟು ಸಂದ ಲೆಕ್ಕ ಇಂದಿಗೂ ಉಳಿದಿದೆ. ಇಂಥ ಊರಿಗೆ ೧೯೫೦ರ ದಶಕದ ಕೊನೆಯಲ್ಲಿ ಅಮೆರಿಕದ ವ್ಯಾಪಾರಿ ವಾಲ್ ಫೋರ್ಜೆಟ್ ಬಂದ. ಅಂತರ್ಯುದ್ಧದ ಶತಮಾನೋತ್ಸವ ೧೯೬೧ಕ್ಕೆ ಕಾದಿತ್ತು. ಹಳೆಯ ಕಾಳಗಗಳನ್ನು ಬಯಲಿನಲ್ಲಿ ಮತ್ತೆ ಅಭಿನಯಿಸುವ ಉತ್ಸಾಹಿಗಳಿಗೆ ಪಿಸ್ತೂಲುಗಳು ಬೇಕಾಗಿದ್ದವು. ಮೂಲದವು ದುಬಾರಿ, ಹಳೆಯ ಕಬ್ಬಿಣವನ್ನು ನಂಬಿ ಮದ್ದು ತುಂಬುವುದೂ ಅಪಾಯ. ಆಲ್ದೊ ಉಬೆರ್ತಿ ತನ್ನ ಕಾರ್ಖಾನೆಯನ್ನು ೧೯೫೯ರಲ್ಲಿ ತೆರೆದ. ಮೊದಲು ಮಾಡಿದುದು ೧೮೫೧ರ ನೇವಿಯನ್ನು. ಪಿಯೆತ್ತಾ ಮೊದಲಾದ ಇತರರೂ ಈ ಉದ್ಯೋಗಕ್ಕೆ ಇಳಿದರು. ಅಮೆರಿಕದ ೧೯೬೮ರ ಕೇಂದ್ರ ಶಾಸನ ಕರಿಮದ್ದಿನ ಇಂಥ ಪ್ರತಿಕೃತಿಗಳನ್ನು ಬಂದೂಕಿನ ಲೆಕ್ಕಕ್ಕೇ ಸೇರಿಸದಿದ್ದುದು ಮಾರಾಟಕ್ಕೆ ಇನ್ನಷ್ಟು ಅನುಕೂಲವಾಯಿತು. ಅತ್ತ ಸೆರ್ಜಿಯೊ ಲೆಯೊನೆಯ ಸಿನಿಮಾಗಳಲ್ಲಿಯೂ ಇವೇ ಹೊಳೆದವು. ಅಮೆರಿಕನ್ನರ ಗತಕಾಲವನ್ನು ಅವರಿಗೆ ಮಾಡಿಕೊಟ್ಟವರು, ಪರದೆಯ ಮೇಲೆಯೂ ಕೈಯಲ್ಲಿಯೂ, ಇಟಲಿಯವರು!

ಆಕಾರವನ್ನು ನಕಲು ಮಾಡುವುದು ಯಂತ್ರಕ್ಕೆ ಸಾಧ್ಯವಾಯಿತು, ಮೈಬಣ್ಣವೇ ತೊಡಕು. ಕೋಲ್ಟನ ಕುಲುಮೆಯ ನೀಲಿಗೆ ಬಹಳ ಕೈಗೆಲಸ ಬೇಕು, ಕೈಗೆಲಸಕ್ಕೆ ಬಹಳ ಹಣ ಬೇಕು. ಈಗಿನ ಸಾಮಾನ್ಯ ಪದ್ಧತಿ ಕ್ಷಾರಸ್ನಾನ: ಕಾಸ್ಟಿಕ್ ಸೋಡ ಮತ್ತು ನೈಟ್ರೇಟ್ ಲವಣಗಳ ದ್ರಾವಣವನ್ನು ಸುಮಾರು ೧೪೦ ಡಿಗ್ರಿಗೆ ಕುದಿಸಿ, ಅದರಲ್ಲಿ ಭಾಗಗಳನ್ನು ಮುಳುಗಿಸಿ ತೆಗೆಯುವುದು. ಪೊರೆ ಅದೇ ಮ್ಯಾಗ್ನೆಟೈಟ್. ಹಾಗಿದ್ದೂ ಕಣ್ಣಿಗೆ ಬೇರೆ. ಇದ್ದಲಿನ ನೀಲಿಯಲ್ಲಿ ಒಂದು ಆಳವುಂಟು, ಬೆಳಕು ಬಿದ್ದತ್ತ ಬಣ್ಣ ಜಾರುತ್ತದೆ. ಕ್ಷಾರಸ್ನಾನದ್ದು ಎಲ್ಲೆಲ್ಲಿಯೂ ಒಂದೇ ಸಮನಾದ, ಹೊಸ ಶೂ ಪಾಲಿಶಿನಂಥ ಕಪ್ಪು. ಯಂತ್ರದ ಉಜ್ಜುಗಾಲಿ ನಳಿಗೆಯ ಎಂಟು ಮುಖಗಳ ಅಂಚುಗಳನ್ನು ಸವೆಸಿ, ತಿರುಪುಮೊಳೆಯ ಕುಳಿಗಳನ್ನು ಬಟ್ಟಲಿನಂತೆ ಹಿಗ್ಗಿಸುವುದೂ ಉಂಟು. ಚೌಕಟ್ಟಿನ ಮೋಡಚಿತ್ತಾರವೂ ಅನೇಕ ಪ್ರತಿಕೃತಿಗಳಲ್ಲಿ ಮೂಳೆಯ ಇದ್ದಲಿನದಲ್ಲ. ರಾಸಾಯನಿಕವಾಗಿ ಮೇಲುಮೈಗೆ ಹಿಡಿಸಿದ್ದು. ಬೇಕಾದವರಿಗೆ ಹೆಚ್ಚಿನ ಬೆಲೆಗೆ ಇದ್ದಲಿನ ನೀಲಿಯನ್ನೂ ಮಾಡಿಕೊಡುತ್ತಾರೆ. ಅದು ಕಣ್ಣು ಕೋರೈಸುವಷ್ಟು ಚೆಲುವು. ಆದರೆ ಕೈಚೀಲದ ತಿಕ್ಕಾಟಕ್ಕೂ ಬೆವರಿಗೂ ಬೇಗ ಅಳಿಸಿಹೋಗುತ್ತದೆ. ಮೂಲದ್ದೂ ಹಾಗೆಯೇ ಅಳಿದಿತ್ತೆಂಬುದನ್ನು ನೆನೆದರೆ ಇದನ್ನು ದೋಷವೆನ್ನಲು ನನಗೆ ಮನಸ್ಸು ಬಾರದು. ಇನ್ನು ಕನ್ನಡಿಯಂತೆ ನಿಕ್ಕಲ್ ಮುಲಾಮು ಹಾಕಿಸಿಕೊಂಡ ನೇವಿಗಳೂ ಅಂಗಡಿಗಳಲ್ಲಿವೆ. ಐಸಾಕ್ ಆಡಮ್ಸ್ ನಿಕ್ಕಲ್ ಮುಲಾಮಿನ ತನ್ನ ಪೇಟೆಂಟನ್ನು ಪಡೆದುದೇ ೧೮೬೯ರಲ್ಲಿ, ಯುದ್ಧ ಮುಗಿದು ನಾಲ್ಕು ವರ್ಷಗಳಾದ ಮೇಲೆ. ಅವುಗಳ ಬಗೆಗೆ ಹೆಚ್ಚು ಹೇಳುವುದೇನೂ ಇಲ್ಲ.

ಕೊಳ್ಳುವವರಲ್ಲಿ ಒಂದು ಪಂಗಡಕ್ಕೆ ಈ ಹೊಸತನವೇ ಸಹಿಸದು. ಅವರು ವಿನೆಗರಿನಂಥ ಹುಳಿಯಲ್ಲಿ ಪಿಸ್ತೂಲನ್ನು ಅದ್ದಿ ಕಪ್ಪನ್ನು ಕಳೆಯುತ್ತಾರೆ. ಬೆಳ್ಳಗಾದ ಉಕ್ಕಿಗೆ ಮತ್ತೆ ಬೂದುಗಂದಿನ ಛಾಯೆ ಕೊಟ್ಟು, ಮರದ ಹಿಡಿಯ ವಾರ್ನಿಷನ್ನು ಕೆರೆದು, ಅಲ್ಲಲ್ಲಿ ಜಜ್ಜಿ, ‘ಪುರಾತನ’ ಮಾಡುತ್ತಾರೆ. ಕಾರ್ಖಾನೆಗಳೂ ಈ ರುಚಿಯನ್ನರಿತು ಹುಟ್ಟುವಾಗಲೇ ಮುಪ್ಪಾದ ಪಿಸ್ತೂಲುಗಳನ್ನು ಮಾರುತ್ತಿವೆ. ಇದರಲ್ಲಿ ಒಂದು ವಿಚಿತ್ರವಿದೆ. ೧೮೬೧ರಲ್ಲಿ ಯುದ್ಧಕ್ಕೆ ಹೊರಟ ತರುಣ ಸೈನಿಕನ ಸೊಂಟದಲ್ಲಿದ್ದುದು ಹೊಚ್ಚಹೊಸ ಪಿಸ್ತೂಲು, ನೀಲಿಯೂ ಬೆಳ್ಳಿಯೂ ಹೊಳೆಯುವಂಥದು. ಅವನ ವೇಷ ಹಾಕಿ ಬಯಲಿಗಿಳಿಯುವ ಇಂದಿನವನು ನೂರೈವತ್ತು ವರ್ಷ ಸವೆದ ಆಯುಧವನ್ನು ಸೆಕ್ಕಿಕೊಂಡರೆ, ಅವನು ಅನುಸರಿಸುತ್ತಿರುವುದು ಆ ಸೈನಿಕನನ್ನಲ್ಲ, ವಸ್ತುಸಂಗ್ರಹಾಲಯವನ್ನು. ಕೃಷ್ಣದೇವರಾಯನ ನಾಟಕಕ್ಕೆ ಇಂದಿನ ಹಂಪೆಯ ಮುರುಕು ಕಂಬಗಳನ್ನು ಪರದೆಯ ಮೇಲೆ ಬರೆಸಿ, ಅವುಗಳ ಮುಂದೆ ರಾಯನನ್ನು ಓಲಗಕ್ಕೆ ಕೂರಿಸಿದಂತಾಯಿತು! ವಿಯೆನ್ನಾದ ಕಲಾಮೀಮಾಂಸಕ ಅಲೋಯಿಸ್ ರೀಗಲ್ ೧೯೦೩ರ ತನ್ನ ಪ್ರಬಂಧದಲ್ಲಿ ಹಳೆಯ ವಸ್ತುವಿನ ಚಾರಿತ್ರಿಕ ಬೆಲೆ ಬೇರೆ, ಅದರ ಹಳತನಕ್ಕೇ ನಾವು ಕೊಡುವ ಬೆಲೆ ಬೇರೆ ಎಂದು ಬಿಡಿಸಿ ತೋರಿಸಿದ್ದಾನೆ. ಹಳತನವನ್ನೇ ಪೊಟ್ಟಣ ಕಟ್ಟಿ ಮಾರುವ ಕಾಲವನ್ನು ಅವನು ಊಹಿಸಿದ್ದನೋ ಇಲ್ಲವೋ.

ತನ್ನ ಸಂತೋಷಕ್ಕೆಂದು ಹೀಗೆ ಮಾಡಿಕೊಂಡವನನ್ನು ನಾನು ದೂರುವುದಿಲ್ಲ. ಇನ್ನೊಂದು ಪಂಗಡವಿದೆ: ಗಾರ್ದೋನೆಯ ಮುದ್ರೆಗಳನ್ನು ಅರದಿಂದ ಉಜ್ಜಿ ಅಳಿಸಿ, ಆಮ್ಲದಿಂದ ಉಕ್ಕಿಗೆ ಗುಳಿ ಬೀಳಿಸಿ, ಅಜ್ಜನ ಕಾಲದ್ದೆಂದು ಮಾರುವವರು. ಇವರ ಕೈಚಳಕ ಶತಮಾನೋತ್ಸವದ ಗದ್ದಲದೊಂದಿಗೇ ಮೊದಲಾಯಿತು. ಬಲ್ಲವರು ಇದನ್ನು ಹಿಡಿಯುವ ರೀತಿಯಲ್ಲಿ ಸಾಹಿತ್ಯ ವಿಮರ್ಶಕನು ಕಲಿಯಬೇಕಾದುದುಂಟು. ನಿಜವಾದ ಸವೆತಕ್ಕೆ ಒಂದು ತರ್ಕವಿರುತ್ತದೆ. ಚರ್ಮದ ಒರೆಯೊಳಕ್ಕೆ ಹೋಗಿಬರುವ ನಳಿಗೆಯ ತುದಿಯಲ್ಲಿ ಬಣ್ಣ ಮೊದಲು ಹೋಗುತ್ತದೆ. ಅಂಗೈ ಒತ್ತುವ ಬೆನ್ನುಪಟ್ಟಿಯಲ್ಲಿ ಬೆಳ್ಳಿ ಸವೆದು ಹಿತ್ತಾಳೆ ಇಣುಕುತ್ತದೆ. ಪಟ್ಟಿಯ ಮೂಲೆಗಳಲ್ಲಿ ಮಾತ್ರ ಬೆಳ್ಳಿ ಕಪ್ಪಾಗಿ ಉಳಿದುಕೊಳ್ಳುತ್ತದೆ. ಜಡಿಯುವ ಸನ್ನೆಯ ಮರೆಯಲ್ಲಿ ನೀಲಿ ಕದಲದೆ ಕುಳಿತಿರುತ್ತದೆ. ಆಮ್ಲಕ್ಕೆ ಈ ವಿವೇಕವಿಲ್ಲ. ಅದು ಕೈ ಮುಟ್ಟಿದ ಕಡೆಯನ್ನೂ ಮುಟ್ಟದ ಕಡೆಯನ್ನೂ ಒಂದೇ ರೀತಿ ತಿನ್ನುತ್ತದೆ. ಎಲ್ಲ ಕಡೆಯೂ ಸಮನಾಗಿ ಹಳೆಯದಾದದ್ದು ಹಳೆಯದಲ್ಲ.

ಹಿತ್ತಾಳೆಯ ವಿಷಯ ಇನ್ನೂ ಗಂಭೀರವಾದುದು. ಅಂಗಡಿಯ ಪಟ್ಟಿಯಲ್ಲಿ ಎಲ್ಲಕ್ಕಿಂತ ಅಗ್ಗವಾದ ಪ್ರತಿಕೃತಿ ಎಂದರೆ ಹಳದಿ ಹಿತ್ತಾಳೆಯ ಚೌಕಟ್ಟಿನ ‘ನೇವಿ’. ಬಂಗಾರದಂತೆ ಥಳಥಳಿಸುವುದರಿಂದ ಗೋಡೆಗೆ ತೂಗುಹಾಕಲು ಕೊಳ್ಳುವವರಿಗೂ ಅದೇ ಪ್ರಿಯ. ಕೋಲ್ಟನ ಕಾರ್ಖಾನೆ ಹಿತ್ತಾಳೆಯ ಚೌಕಟ್ಟಿನ ನೇವಿಯನ್ನು ಮಾಡಿ ಮಾರಲಿಲ್ಲ. ಮಾಡಿದುದು ದಕ್ಷಿಣದ ಬಂಡಾಯದ ರಾಜ್ಯಗಳು, ಸೊಗಸಿಗಾಗಿ ಅಲ್ಲ, ಉಕ್ಕಿನ ಅಭಾವದಿಂದ. ಕೋಲ್ಟನ ನಾಡಾದ ಕನೆಕ್ಟಿಕಟ್ಟಿನಲ್ಲಿಯೇ ಹುಟ್ಟಿ ಜಾರ್ಜಿಯಾಕ್ಕೆ ಬಂದು ಹತ್ತಿ ಬಿಡಿಸುವ ಯಂತ್ರಗಳನ್ನು ಮಾಡುತ್ತಿದ್ದ ಸ್ಯಾಮ್ಯುಯೆಲ್ ಗ್ರಿಸ್ವೋಲ್ಡ್ ತನ್ನ ಕಾರ್ಖಾನೆಯನ್ನು ೧೮೬೨ರಲ್ಲಿ ಪಿಸ್ತೂಲಿಗೆ ತಿರುಗಿಸಿದ. ೧೮೬೪ರ ನವೆಂಬರಿನಲ್ಲಿ ಷರ್ಮನ್ನನ ಅಶ್ವದಳ ಬಂದು ಅದನ್ನು ಸುಡುವ ತನಕ ಅಲ್ಲಿ ತಯಾರಾದುವು ಸುಮಾರು ೩,೭೦೦. ನೇವಿಯ ಅನುಕರಣವೇ, ನಳಿಗೆ ದುಂಡು, ಚೌಕಟ್ಟು ಹಿತ್ತಾಳೆ. ಆ ಹಿತ್ತಾಳೆಯಲ್ಲಿ ತಾಮ್ರದ ಅಂಶ ಹೆಚ್ಚಾದುದರಿಂದ ಬಣ್ಣ ಹಳದಿಗಿಂತ ಕೆಂಪಿನ ಕಡೆಗೆ ವಾಲುತ್ತದೆ. ಇಂದಿನ ಪ್ರತಿಕೃತಿಯ ಹಳದಿಯನ್ನು ಅದರ ಪಕ್ಕದಲ್ಲಿಟ್ಟರೆ ನಾಟಕದ ಒಡವೆಯಂತೆ ಕಾಣುತ್ತದೆ.

ಗ್ರಿಸ್ವೋಲ್ಡನ ಪಿಸ್ತೂಲಿನ ಕೆಲಸಕ್ಕಿದ್ದ ೨೪ ಜನರಲ್ಲಿ ೨೨ ಮಂದಿ ಗುಲಾಮರು. ತಮ್ಮನ್ನು ಗುಲಾಮರಾಗಿಯೇ ಉಳಿಸಲು ಹೋರಾಡುತ್ತಿದ್ದ ಸೈನ್ಯಕ್ಕೆ ಅವರು ಹಿತ್ತಾಳೆಯನ್ನು ಎರಕ ಹೊಯ್ದರು, ಅರದಿಂದ ನಯಮಾಡಿದರು, ಉಜ್ಜಿದರು. ಪಿಸ್ತೂಲಿನ ಮೇಲೆ ಅನುಕ್ರಮ ಸಂಖ್ಯೆಯೂ ಕೆಲವು ಪುಟ್ಟ ಅಕ್ಷರಗಳೂ ಇವೆ, ಅವರ ಹೆಸರುಗಳಿಲ್ಲ. ಕೋಲ್ಟನ ಹೆಸರು ನಳಿಗೆಯ ಮೇಲುಂಟು, ಓರ್ಮ್ಸ್‌ಬಿಯ ಹೆಸರು ಉರುಳೆಯ ಮೇಲುಂಟು. ಈ ಇಪ್ಪತ್ತೆರಡು ಜನರ ಕೈಗುರುತು ಉಳಿದಿದ್ದರೆ ಆ ಕೆಂಪು ಹಿತ್ತಾಳೆಯ ಮೇಲಿನ ಅರದ ಗೀರುಗಳಲ್ಲಿ ಮಾತ್ರ. ಸಂಗ್ರಾಹಕನೊಬ್ಬ ಹೊಳಪಿನ ಆಸೆಯಿಂದ ಅದನ್ನು ಹುಣಸೆಹಣ್ಣಿನಲ್ಲಿ ತಿಕ್ಕಿದ ದೇವರ ದೀಪದಂತೆ ಬೆಳಗಿದನೆಂದರೆ, ಕಿಲುಬಿನೊಂದಿಗೆ ಅದೂ ಹೋಗುತ್ತದೆ. ನುರಿತ ಸಂಗ್ರಾಹಕರು ಮೂಲದ ಪಿಸ್ತೂಲುಗಳಿಗೆ ಮೇಣ ಸವರುತ್ತಾರೆ, ಉಜ್ಜುವುದಿಲ್ಲ. ಒರೆಯ ಚರ್ಮದ ಹುಳಿಯಿಂದ ಎದ್ದ ಹಸಿರು ಕಿಲುಬನ್ನು ಮರದ ಕಡ್ಡಿಯಿಂದ ಮೆಲ್ಲಗೆ ಬಿಡಿಸುವವರೂ ಅದರ ಕೆಳಗಿನ ಕಂದನ್ನು ಮುಟ್ಟುವುದಿಲ್ಲ. ಪ್ರತಿಕೃತಿಗೆ ಯಾವ ಬಣ್ಣ ಬೇಕಾದರೂ ಕೊಡಿ. ಮೂಲಕ್ಕೆ ಹೊಸ ನೀಲಿ ಏರಿಸಬೇಡಿ ಎಂಬುದು ನನ್ನ ಪಕ್ಷ. ಹಾಗೆ ಏರಿಸಿದ ಮೂಲವೂ ಒಂದು ಪ್ರತಿಕೃತಿಯೇ ಆಗಿಬಿಡುತ್ತದೆ, ಅದೂ ತನ್ನದೇ ಪ್ರತಿಕೃತಿ.

ಇಷ್ಟಾಗಿಯೂ ಪ್ರತಿಕೃತಿಗೆ ತನ್ನದೇ ಆದ ಮುಪ್ಪು ಬರುವುದನ್ನು ಯಾರೂ ತಡೆಯಲಾರರು. ನೂರಕ್ಕೆ ೭೫ ಪಾಲು ಪೆಟ್ಲುಪ್ಪು, ೧೫ ಇದ್ದಲು, ೧೦ ಗಂಧಕ ಸೇರಿದ ಕರಿಮದ್ದು ಉರಿದಾಗ ಅದರ ಅರ್ಧಕ್ಕೂ ಹೆಚ್ಚು ಭಾಗ ಹೊಗೆಯೂ ಮಸಿಯೂ ಆಗಿ ಉಳಿಯುತ್ತದೆ. ಆ ಮಸಿ ಗಾಳಿಯ ತೇವವನ್ನು ಹೀರುತ್ತದೆ. ಗುಂಡು ಹಾರಿಸಿದ ಸಂಜೆಯೇ ಬಿಸಿನೀರು ಸಾಬೂನುಗಳಿಂದ ತೊಳೆದು ಎಣ್ಣೆ ಸವರದಿದ್ದರೆ ಬೆಳಗಾಗುವುದರೊಳಗೆ ಕೆಂಪು ತುಕ್ಕು ಹಾಜರು. ಗಾರ್ದೋನೆಯ ಸರ್ಕಾರಿ ಪರೀಕ್ಷಾಲಯ ಪ್ರತಿಯೊಂದು ಪಿಸ್ತೂಲಿಗೂ ತಯಾರಾದ ವರ್ಷದ ಸಂಕೇತವನ್ನು ಒಂದು ಪುಟ್ಟ ಚೌಕದೊಳಗೆ ಒತ್ತುತ್ತದೆ. ಅದರಲ್ಲಿ ರೋಮನ್ ಲಿಪಿಯ ಇಪ್ಪತ್ತು ಕಂಡರೆ ಅದು ೧೯೬೪ರದು. ಆ ವರ್ಷಗಳ ಪ್ರತಿಕೃತಿಗಳನ್ನೇ ಹುಡುಕಿ ಕೂಡಿಡುವವರು ಈಗ ಹುಟ್ಟಿಕೊಂಡಿದ್ದಾರೆ. ಅವರ ಕೈಗೆ ಬರುವ ಪಿಸ್ತೂಲುಗಳಲ್ಲಿ ಕೆಲವು ಇನ್ನೂ ಶೂ ಪಾಲಿಶಿನಂತೆ ಕಪ್ಪಾಗಿಯೇ ಇವೆ. ಇನ್ನು ಕೆಲವುಗಳಲ್ಲಿ ಆ ಕ್ಷಾರಸ್ನಾನದ ಕಪ್ಪು, ಯಾರೂ ಹುಳಿ ಹಾಕದೆ, ನೇರಳೆಹಣ್ಣಿನ ಬಣ್ಣಕ್ಕೆ ತಿರುಗತೊಡಗಿದೆ.